ಕಂಪನಿ ಪೇಂಟ್: ಕಾರಿನ ಹೊಳಪಿಗೆ ಬೆಲೆ ಬಂದ ಕಥೆ

ಹಳೆಯ ಕಾರು ನೋಡಲು ಬಂದ ದಲ್ಲಾಳಿ ಮೊದಲು ಎಂಜಿನ್ನಿನ ಸದ್ದು ಕೇಳುವುದಿಲ್ಲ. ಕಾರಿನ ಸುತ್ತ ಒಮ್ಮೆ ನಿಧಾನವಾಗಿ ನಡೆಯುತ್ತಾನೆ. ಬಾಗಿಲನ್ನು ಬೆರಳಗಣ್ಣಿನಿಂದ ತಟ್ಟಿ ಸದ್ದು ಆಲಿಸುತ್ತಾನೆ. ಅಂಚಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದು, ಒಳಗಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ತಾಳೆ ಇದೆಯೇ ಎಂದು ನೋಡುತ್ತಾನೆ. ಬಾನೆಟ್ ಎತ್ತಿಸಿ, ಅದನ್ನು ಹಿಡಿದಿರುವ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ಆಡಿದ ಗುರುತು ಹುಡುಕುತ್ತಾನೆ. ಆಮೇಲೆ ಒಂದೇ ಪ್ರಶ್ನೆ: "ಕಂಪನಿ ಪೇಂಟಾ?"

ಈ ಪ್ರಶ್ನೆ ದೆಹಲಿಯ ಕರೋಲ್ ಬಾಗ್‌ನಲ್ಲೂ ಒಂದೇ, ಪುಣೆ, ಚೆನ್ನೈ, ಹೈದರಾಬಾದ್‌ನಲ್ಲೂ ಒಂದೇ. ಈಗಂತೂ ದಲ್ಲಾಳಿಯ ಜಾಗಕ್ಕೆ ಬಂದಿರುವ ಕಂಪನಿಗಳ ಹುಡುಗರು ಬೆರಳಗಣ್ಣನ್ನು ನಂಬುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ಮೀಟರನ್ನು ಬಾನೆಟ್, ಬಾಗಿಲು, ಛಾವಣಿ ಹೀಗೆ ಒಂದೊಂದರ ಮೇಲೂ ಇಟ್ಟು ಅಂಕಿ ಬರೆದುಕೊಳ್ಳುತ್ತಾರೆ. ಅದು ಬಣ್ಣದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಒಂದು ಬಾಗಿಲಲ್ಲಿ 120 ಬಂದು ಪಕ್ಕದ ಬಾಗಿಲಲ್ಲಿ 300 ಬಂದರೆ, ಎರಡೂ ಕಣ್ಣಿಗೆ ಒಂದೇ ಥರ ಹೊಳೆಯುತ್ತಿದ್ದರೂ, ಹೇಳುವ ಬೆಲೆ ಇಳಿಯುತ್ತದೆ.

ಕಾರಿನ ಬಣ್ಣವನ್ನು ಜೋಪಾನ ಮಾಡಿದರೆ ಮಾರುವಾಗ ನಾಲ್ಕು ಕಾಸು ಹೆಚ್ಚು ಬರುತ್ತದೆ ಎಂಬುದು ಹಳೆಯ ನಂಬಿಕೆ. ಆದರೆ ಜೋಪಾನ ಮಾಡಬೇಕಾದದ್ದು ಏನನ್ನು, ಹೊಳಪನ್ನೋ ಬಣ್ಣವನ್ನೋ? ಇವೆರಡೂ ಒಂದೇ ಅಲ್ಲ ಎಂದು ಮಾರುಕಟ್ಟೆ ಕಲಿಯಲು ಸುಮಾರು ನೂರು ವರ್ಷ ಬೇಕಾಯಿತು.

ಸಾರೋಟಿನ ವಾರ್ನಿಶ್

ಮೊದಲ ಕಾರುಗಳು ಬಣ್ಣದ ಮಟ್ಟಿಗೆ ಕುದುರೆ ಇಲ್ಲದ ಸಾರೋಟುಗಳೇ. ಸಾರೋಟು ಕಟ್ಟುತ್ತಿದ್ದ ಕುಶಲಿಗಳೇ ಅವುಗಳಿಗೂ ಬಣ್ಣ ಬಳಿದರು. ಅಗಸೆ ಎಣ್ಣೆಯ ಬಣ್ಣ, ಅದರ ಮೇಲೆ ವಾರ್ನಿಶ್, ಒಣಗಿದ ಮೇಲೆ ಉಜ್ಜುವುದು, ಮತ್ತೆ ಬಳಿಯುವುದು. ಒಂದು ಗಾಡಿಯ ಬಣ್ಣ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಅಷ್ಟೆಲ್ಲ ಮಾಡಿದರೂ ಬಿಸಿಲಿಗೆ ವಾರ್ನಿಶ್ ಹಳದಿಗಟ್ಟುತ್ತಿತ್ತು, ಬಿರಿಯುತ್ತಿತ್ತು.

ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ಮಾಡೆಲ್ ಟಿ ಕಾರು ಸುಮಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಆಗ ಬಳಸುತ್ತಿದ್ದ ಕಪ್ಪು ಎನಾಮೆಲ್ ಅಗ್ಗದ್ದು, ಬಾಳಿಕೆಯದು, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಬಹುದಾದದ್ದು. ಎಲ್ಲರ ಕಾರೂ ಕಪ್ಪಾಗಿದ್ದಾಗ, ಹಳೆಯ ಕಾರು ಹಳೆಯದೆಂದು ಬೀದಿಯಲ್ಲಿ ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ. ಓಡುವವರೆಗೂ ಓಡಿಸುವುದು, ಅಷ್ಟೇ.

ಇದನ್ನು ಬದಲಿಸಿದ್ದು ಮೊದಲ ಮಹಾಯುದ್ಧದ ನಂತರದ ರಸಾಯನಶಾಸ್ತ್ರ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಹದಗೊಳಿಸಿ ಮಾಡುವ ನೈಟ್ರೋಸೆಲ್ಯುಲೋಸ್ ಸಿಡಿಮದ್ದಿಗೂ ಸಿನಿಮಾ ಫಿಲ್ಮಿಗೂ ಬೇಕಾದ ವಸ್ತು. ಯುದ್ಧಕಾಲದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಅದನ್ನು ರಾಶಿ ರಾಶಿ ತಯಾರಿಸಿತ್ತು. ಅದೇ ವಸ್ತುವಿನಿಂದ ಕಂಪನಿ ಬೇಗ ಒಣಗುವ, ಗಾಢ ಬಣ್ಣ ಹಿಡಿಯುವ ಹೊಸ ಲೇಪವೊಂದನ್ನು ಮಾಡಿ 'ಡ್ಯೂಕೋ' ಎಂದು ಹೆಸರಿಟ್ಟಿತು. ಡ್ಯುಪಾಂಟ್‌ಗೆ ದೊಡ್ಡ ಪಾಲು ಇದ್ದ ಜನರಲ್ ಮೋಟರ್ಸ್, 1924ರ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ನೀಲಿ ಬಣ್ಣದಲ್ಲಿ ಹೊಡೆಯಿತು. ವಾರಗಟ್ಟಲೆಯ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳಿಯಿತು.

ಇಂಥ ಲೇಪಕ್ಕೆ ಇಂಗ್ಲಿಷಿನಲ್ಲಿ ಲ್ಯಾಕರ್ ಎನ್ನುತ್ತಾರೆ. ಆ ಮಾತು ಪೋರ್ಚುಗೀಸರ ಮೂಲಕ ಯುರೋಪಿಗೆ ಹೋದ ಸಂಸ್ಕೃತದ ಲಾಕ್ಷಾ, ಅಂದರೆ ಅರಗು. ಪಾಂಡವರಿಗೆ ಕಟ್ಟಿಸಿದ ಮನೆಯ ಅರಗು, ಚನ್ನಪಟ್ಟಣದ ಬೊಂಬೆಯ ಮೇಲಿನ ಅರಗು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯ ಹೆಸರಿನಲ್ಲೂ 'ಲ್ಯಾಕ್' ಇತ್ತು. ಡ್ಯೂಕೋದಲ್ಲಿ ಅರಗಿನ ಹನಿಯೂ ಇರಲಿಲ್ಲ, ಉಳಿದದ್ದು ಹೆಸರು ಮಾತ್ರ. ಇವತ್ತು ಭಾರತದ ಬಡಗಿಗಳು ಕಪಾಟಿಗೆ 'ಡ್ಯೂಕೋ ಪೇಂಟ್' ಹೊಡೆಯಲೇ ಎಂದು ಕೇಳುವಾಗಲೂ ಆ ಕಾರಿನ ಬಣ್ಣದ ಹೆಸರನ್ನೇ ಹೇಳುತ್ತಿರುತ್ತಾರೆ.

ಹಳೆಯ ಕಾರು ಎಂಬ ಲೆಕ್ಕ

ಬಣ್ಣ ಬಂದದ್ದರಿಂದ ಮಾರಾಟದ ರೀತಿಯೇ ಬದಲಾಯಿತು. ಜನರಲ್ ಮೋಟರ್ಸ್‌ನ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್, 1964ರ ತಮ್ಮ ಆತ್ಮಕಥನದಲ್ಲಿ, 1920ರ ದಶಕದ ಕಾರು ವ್ಯಾಪಾರವನ್ನು ಬದಲಿಸಿದ ನಾಲ್ಕು ಸಂಗತಿಗಳನ್ನು ಹೇಳುತ್ತಾರೆ: ಕಂತಿನ ಮಾರಾಟ, ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವುದು, ಮುಚ್ಚಿದ ಬಾಡಿ, ವರ್ಷಕ್ಕೊಂದು ಹೊಸ ಮಾಡೆಲ್. 1927ರಲ್ಲಿ ಕಂಪನಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ಕೈಯಲ್ಲಿ ಕಲೆ ಮತ್ತು ಬಣ್ಣಕ್ಕೆಂದೇ ಒಂದು ವಿಭಾಗ ತೆರೆಯಿತು. ಕಳೆದ ವರ್ಷದ ಕಾರು ಕಳೆದ ವರ್ಷದ್ದು ಎಂದು ಬೀದಿಯಲ್ಲಿ ಕಾಣಬೇಕು, ನೆರೆಮನೆಯವರಿಗೆ ಹೊಸದರ ಆಸೆ ಹುಟ್ಟಬೇಕು ಎಂಬುದು ಇದರ ಹಿಂದಿನ ಲೆಕ್ಕ.

ಹೀಗೆ ಕಾರು ಕೊಳ್ಳುವ ದಿನವೇ ಅದನ್ನು ಮಾರುವ ದಿನದ ಯೋಚನೆಯೂ ಶುರುವಾಯಿತು. ಮಾರುವ ದಿನ ಡೀಲರನ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಆದರೆ ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಿಸಿಲೆಂದರೆ ಆಗದು. ಕೆಲವು ತಿಂಗಳಲ್ಲೇ ಮೇಲ್ಮೈ ಸುಣ್ಣದ ಪುಡಿಯಂತೆ ಮಂಕಾಗುತ್ತಿತ್ತು. ಆ ಮಂಕನ್ನು ಉಜ್ಜಿ ತೆಗೆದು, ಮೇಲೆ ಮೇಣ ಬಳಿಯಬೇಕಿತ್ತು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಕಾರ್ನೌಬಾ ತಾಳೆಯ ಎಲೆಗಳ ಮೇಣ ಇದಕ್ಕೆ ಹೇಳಿ ಮಾಡಿಸಿದ್ದಾಗಿತ್ತು. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಗಟ್ಟಿ ಮೇಣ ಅದು. ಬರಗಾಲದ ಬಿಸಿಲಲ್ಲಿ ಎಲೆಯ ನೀರು ಆರಿಹೋಗದಂತೆ ಮರ ಹೊದ್ದ ಹೊದಿಕೆ, ಅಮೆರಿಕದ ಕಾರುಗಳ ಬಾನೆಟ್ ಏರಿತು. ಸೈಮನೈಸ್ ಎಂಬ ಒಂದು ಮೇಣದ ಹೆಸರು ಕಾರಿಗೆ ಪಾಲಿಶ್ ಮಾಡುವುದಕ್ಕೇ ಕ್ರಿಯಾಪದವಾಗಿ ಅಲ್ಲಿನ ಭಾಷೆಗೆ ಸೇರಿತು. ಭಾನುವಾರ ಅಂಗಳದಲ್ಲಿ ಕಾರು ಉಜ್ಜುವ ಯಜಮಾನನ ಚಿತ್ರ ಹುಟ್ಟಿದ್ದು ಹೀಗೆ. ಪ್ರತಿ ಸಲ ಉಜ್ಜಿದಾಗಲೂ ಬಟ್ಟೆಗೆ ಕಾರಿನದೇ ಬಣ್ಣ ಹತ್ತುತ್ತಿತ್ತು. ಹೊಳಪು ಬರುತ್ತಿದ್ದುದು ಬಣ್ಣವನ್ನು ಸವೆಸಿ.

ಸಾಲು ಹಚ್ಚಿದ ದೇಶ

ಭಾರತದಲ್ಲಿ ಕಥೆ ಬೇರೆಯೇ ದಾರಿ ಹಿಡಿಯಿತು. ಸ್ವಾತಂತ್ರ್ಯದ ನಂತರದ ಮೂರು ದಶಕ ಇಲ್ಲಿ ಕಾರೆಂದರೆ ಹೆಚ್ಚುಕಡಿಮೆ ಮೂರೇ: ಉತ್ತರಪಾಡಾದ ಅಂಬಾಸಡರ್, ಮುಂಬೈ ಕುರ್ಲಾದ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕು ಎಂಬುದಕ್ಕೆ ಲೈಸೆನ್ಸ್, ಎಷ್ಟಕ್ಕೆ ಮಾರಬೇಕು ಎಂಬುದಕ್ಕೂ ಸರ್ಕಾರದ ಕಟ್ಟುಪಾಡು. ಫಿಯಟ್‌ಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಹಾಗಾಗಿ ಇವತ್ತೇ ಕೈಗೆ ಸಿಗುವ ಹಳೆಯ ಕಾರು, ಎಂದೋ ಸಿಗುವ ಹೊಸ ಕಾರಿಗಿಂತ ಹೆಚ್ಚು ಬೆಲೆಗೆ ಹೋಗುವುದಿತ್ತು. ಡೆಟ್ರಾಯಿಟ್‌ನಲ್ಲಿ ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತಿದ್ದರೆ, ಇಲ್ಲಿ ಅದು ಸೈಟಿನ ಹಾಗೆ ಆಸ್ತಿ.

ಇಂಥ ಮಾರುಕಟ್ಟೆಯಲ್ಲಿ ಬಣ್ಣ ಮೂಲದ್ದೋ ಅಲ್ಲವೋ ಎಂದು ಕೇಳುವವರು ಯಾರು? ಮರುಬಣ್ಣ ಹೊಡೆಸುವುದು ಮುಚ್ಚಿಡುವ ವಿಷಯವಾಗಿರಲಿಲ್ಲ, ಒಳ್ಳೆಯ ಮಾಲೀಕನ ಲಕ್ಷಣವಾಗಿತ್ತು. ತುಕ್ಕು ಹಿಡಿದ ತಳವನ್ನು ಟಿಂಕರಿಂಗ್ ಶೆಡ್ಡಿನಲ್ಲಿ ತಟ್ಟಿಸಿ, ತಗ್ಗಿಗೆ ಪುಟ್ಟಿ ತುಂಬಿಸಿ, ಮರಳುಕಾಗದದಲ್ಲಿ ಉಜ್ಜಿಸಿ, ಮೇಲೆ ಬಣ್ಣ ಹೊಡೆಸಿದರೆ ಕಾರು 'ಹೊಸದು'. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಕಡಲ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಮೈಯೊಡ್ಡಿ, ಪದರದ ಮೇಲೆ ಪದರ ಬಣ್ಣ ಹೊದ್ದು ದಶಕಗಟ್ಟಲೆ ಓಡಿದವು. ಅವುಗಳ ಕೊನೆಯ ಗಾಡಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್ ಕೊನೆಗೆ.

ಕೊಳ್ಳುವವರಿಗೂ ಒಂದು ಉಪಾಯವಿತ್ತು. ಜೇಬಿನಲ್ಲಿ ಪುಟ್ಟ ಅಯಸ್ಕಾಂತ ಇಟ್ಟುಕೊಂಡು ಹೋಗುವುದು. ತಗಡಿಗೆ ಅಂಟುವ ಅಯಸ್ಕಾಂತ, ಪುಟ್ಟಿ ದಪ್ಪವಾಗಿ ತುಂಬಿದ ಕಡೆ ಅಂಟದೆ ಜಾರುತ್ತದೆ. ಇಂದಿನ ಮೀಟರಿನ ಪೂರ್ವಜ ಅದೇ.

1983ರ ಡಿಸೆಂಬರ್‌ನಲ್ಲಿ ಗುರಗಾಂವ್‌ನಿಂದ ಮಾರುತಿ 800 ಹೊರಬಂತು. ಆರಂಭದಲ್ಲಿ ಅದಕ್ಕೂ ಸರತಿ ಇತ್ತು. ಆದರೆ 1990ರ ದಶಕದಲ್ಲಿ ಲೈಸೆನ್ಸಿನ ಕಟ್ಟು ಸಡಿಲಿ ಒಂದರ ಹಿಂದೊಂದು ಕಂಪನಿ ಬಂದ ಮೇಲೆ, ಹೊಸ ಕಾರು ಬೇಕೆಂದಾಗ ಸಿಗತೊಡಗಿತು. ಸರತಿ ಕರಗಿದ ಕೂಡಲೇ ಹಳೆಯ ಕಾರು ಆಸ್ತಿಯಾಗಿ ಉಳಿಯಲಿಲ್ಲ. ಡೆಟ್ರಾಯಿಟ್ 1920ರ ದಶಕದಲ್ಲಿ ಎದುರಿಸಿದ ಪ್ರಶ್ನೆ ಇಲ್ಲಿಗೂ ಬಂತು: ಇದಕ್ಕೆ ಎಷ್ಟು ಕೊಡಬಹುದು? ಮಾರುವವನ ಮಾತನ್ನು ಎಷ್ಟು ನಂಬಬಹುದು?

ಹೊಳಪು ಸಾಕ್ಷಿಯಾಗದು

ಈ ಎರಡನೆಯ ಪ್ರಶ್ನೆಯನ್ನು ಅರ್ಥಶಾಸ್ತ್ರಕ್ಕೆ ತಂದವರು ಅಮೆರಿಕದ ಜಾರ್ಜ್ ಅಕರ್ಲಾಫ್. 1970ರಲ್ಲಿ ಪ್ರಕಟವಾದ ಅವರ ಚಿಕ್ಕ ಪ್ರಬಂಧದ ಉದಾಹರಣೆ ಹಳೆಯ ಕಾರಿನ ಪೇಟೆ. ಅದಕ್ಕೆ ಮುಂಚೆ ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು. 1967-68ರಲ್ಲಿ ಅಕರ್ಲಾಫ್ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಪ್ರಬಂಧದಲ್ಲಿ ಭಾರತದ ಲೇವಾದೇವಿಯವರ ಬಡ್ಡಿಯ ಚರ್ಚೆಯೂ ಇದೆ.

ವಾದ ಸರಳ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸ ಹೋಗುವ ಭಯದಿಂದ ಕೊಳ್ಳುವವನು ಎಲ್ಲ ಕಾರಿಗೂ ಸರಾಸರಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಮನೆಗೆ ಹೋಗುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳು. ಆಗ ಬೆಲೆ ಇನ್ನೂ ಇಳಿಯುತ್ತದೆ. ಪ್ರಾಮಾಣಿಕನಿಗೆ ನಷ್ಟವಾಗುವುದು ಅವನ ಕಾರು ಕೆಟ್ಟದ್ದರಿಂದಲ್ಲ, ಅದು ಒಳ್ಳೆಯದೆಂದು ತೋರಿಸಲು ದಾರಿ ಇಲ್ಲದ್ದರಿಂದ.

ಹೊಳಪು ಆ ದಾರಿಯಾಗಲಾರದು. ಸಾಬೂನು, ಪಾಲಿಶ್, ಒಂದು ಮಧ್ಯಾಹ್ನ ಇದ್ದರೆ ಯಾವ ಕಾರನ್ನಾದರೂ ಹೊಳೆಯಿಸಬಹುದು. ಎಲ್ಲರೂ ಹೇಳಬಹುದಾದ ಸುಳ್ಳಿಗೆ ಸಾಕ್ಷಿಯ ಬೆಲೆ ಇರುವುದಿಲ್ಲ. ಮುಂಬೈಯಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. ಎರಡು ಸಲವೂ ಸಾವಿರಾರು ಕಾರುಗಳು ನೀರಿನಲ್ಲಿ ನಿಂತವು. ಪ್ರವಾಹದ ನೀರು ವೈರಿಂಗನ್ನೂ ಎಂಜಿನ್ನನ್ನೂ ಹಾಳುಮಾಡುತ್ತದೆ, ಬಣ್ಣಕ್ಕೆ ಅಷ್ಟೇನೂ ಮಾಡುವುದಿಲ್ಲ. ತೊಳೆದು ಪಾಲಿಶ್ ಮಾಡಿದ ಮುಳುಗಡೆ ಕಾರು ನೋಡಲು ಲಕ್ಷಣವಾಗಿಯೇ ಇರುತ್ತದೆ.

ಅಕರ್ಲಾಫ್‌ಗೆ ನೊಬೆಲ್ ಬಂದದ್ದು 2001ರಲ್ಲಿ. ಮಾರುತಿ ಕಂಪನಿ ಹಳೆಯ ಕಾರುಗಳನ್ನು ಪರೀಕ್ಷಿಸಿ, ಖಾತರಿ ಕೊಟ್ಟು ಮಾರುವ 'ಟ್ರೂ ವ್ಯಾಲ್ಯೂ' ಮಳಿಗೆಗಳನ್ನು ಶುರು ಮಾಡಿದ್ದೂ ಅದೇ ವರ್ಷ. ಇಂಥ ಪೇಟೆಯನ್ನು ಖಾತರಿ ಮತ್ತು ಹೆಸರಿನ ಬಲವೇ ಕಾಪಾಡುತ್ತವೆ ಎಂದು ಪ್ರಬಂಧ ಹೇಳಿತ್ತು.

ಮತ್ತೆ ಹುಟ್ಟದ ಪದರ

ಈ ನಡುವೆ ಬಣ್ಣವೇ ಬದಲಾಗಿತ್ತು. 1960ರ ದಶಕದಲ್ಲಿ ಫೋರ್ಡ್ ಕಂಪನಿ, ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುವ ವಿಧಾನವನ್ನು ಬಳಕೆಗೆ ತಂದಿತು. ಬ್ರಷ್ಷೂ ಗನ್ನೂ ತಲುಪದ ಸಂದುಗೊಂದಿಗೂ ಪ್ರೈಮರ್ ಹೋಗಿ ಕೂರುವುದರಿಂದ ತುಕ್ಕಿನ ಕಾಟ ಬಹಳ ಕಡಿಮೆಯಾಯಿತು. 1980ರ ದಶಕದ ಹೊತ್ತಿಗೆ ಬಣ್ಣದ ಪದರದ ಮೇಲೆ ಬಣ್ಣವಿಲ್ಲದ, ಗಾಜಿನಂಥ ಕ್ಲಿಯರ್ ಕೋಟ್ ಹೊದಿಸುವುದು ಹರಡಿತು. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕ ಇರುವುದು ಈ ಮೇಲಿನ ಪದರದಲ್ಲಿ. ಆಮ್ಲಮಳೆಯ ಕಲೆಗೆ ಇದು ತಡೆಯುತ್ತದೆಯೇ ಎಂದು ನೋಡಲು ಅಮೆರಿಕದ ತಯಾರಕರು ಬಣ್ಣದ ತಗಡುಗಳನ್ನು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಬೇಸಿಗೆಯಿಡೀ ಬಯಲಲ್ಲಿಟ್ಟು ಪರೀಕ್ಷಿಸುತ್ತಾರೆ.

ಈ ನಾಲ್ಕೈದು ಪದರ ಸೇರಿ ಸಾಧಾರಣವಾಗಿ 100ರಿಂದ 150 ಮೈಕ್ರಾನ್, ಅಂದರೆ ಎರಡು ತಲೆಗೂದಲಿನಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40. ಕಾರ್ಖಾನೆಯಲ್ಲಿ ಬರಿ ಬಾಡಿಯನ್ನು ಸುಮಾರು 140 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಸೀಟು, ವೈರು, ಪ್ಲಾಸ್ಟಿಕ್ ಎಲ್ಲ ಕೂತ ಕಾರನ್ನು ಗ್ಯಾರೇಜಿನಲ್ಲಿ ಹಾಗೆ ಬೇಯಿಸಲು ಬರುವುದಿಲ್ಲ. ಅಲ್ಲಿನ ಬೂತಿನ ಬಿಸಿ ಸುಮಾರು 60 ಡಿಗ್ರಿಗೆ ನಿಲ್ಲುತ್ತದೆ, ಬಣ್ಣವೂ ಬೇರೆ ಜಾತಿಯದು. ಎಷ್ಟೇ ಪಳಗಿದ ಕೈಯಾದರೂ ಗ್ಯಾರೇಜಿನಲ್ಲಿ ಕಂಪನಿ ಪೇಂಟ್ ಮತ್ತೆ ಹುಟ್ಟುವುದಿಲ್ಲ.

ಮೀಟರ್ ಬೆಲೆ ಕಟ್ಟುತ್ತಿರುವುದು ಇದಕ್ಕೇ. ತಗಡಿಗೂ ಮೇಲ್ಮೈಗೂ ಇರುವ ಅಂತರವನ್ನು ಅಯಸ್ಕಾಂತೀಯ ತತ್ವದಿಂದ ಅಳೆಯುವ ಅದು, 120ರ ಬದಲು 300 ತೋರಿಸಿದರೆ ಮತ್ತೆ ಬಣ್ಣ ಹೊಡೆದಿದೆ ಎಂದರ್ಥ, ಸಾವಿರ ದಾಟಿದರೆ ಪುಟ್ಟಿ. ಏಕೆ ಹೊಡೆಸಿದರು? ಪಾರ್ಕಿಂಗಿನಲ್ಲಿ ಗೀಚಿದ್ದಕ್ಕೋ, ಅಪಘಾತಕ್ಕೋ? ಮೀಟರ್ ಹೇಳುವುದಿಲ್ಲ, ಕೊಳ್ಳುವವನು ಕೆಟ್ಟದ್ದನ್ನೇ ಊಹಿಸುತ್ತಾನೆ. ಮಾರುವ ಮುನ್ನ ವಿಮೆಯ ಕ್ಲೇಮ್ ಹಾಕಿ ಸಣ್ಣ ಗೀರಿದ್ದ ಬಾಗಿಲುಗಳಿಗೆಲ್ಲ ಬಣ್ಣ ಹೊಡೆಸುವ ಜಾಣರು ಇಲ್ಲೇ ಎಡವುವುದು. ಗೀರು ಸಣ್ಣ ಸತ್ಯ. ಹೊಸ ಬಣ್ಣ ದೊಡ್ಡ ಅನುಮಾನ. ಬಂಪರಿನದು ಮಾತ್ರ ಬೇರೆ ಮಾತು, ಅದು ಪ್ಲಾಸ್ಟಿಕ್, ಊರಲ್ಲಿ ಓಡುವ ಕಾರಿನ ಬಂಪರ್ ಬಣ್ಣ ಕಾಣುವುದು ಸಹಜ ಎಂದು ದಲ್ಲಾಳಿಗೂ ಗೊತ್ತು.

ಹೊದಿಕೆಯ ವ್ಯಾಪಾರ

ಈ ತೆಳುಪದರ ಕಾಯುವುದೇ ಈಗ ದೊಡ್ಡ ವ್ಯಾಪಾರ. ಮೊದಲು ಬಂದದ್ದು ಟೆಫ್ಲಾನ್ ಕೋಟಿಂಗ್. ಹೊಸ ಕಾರಿನ ಬಿಲ್ಲಿನಲ್ಲೇ ಅದನ್ನು ಸೇರಿಸುವ ಡೀಲರುಗಳಿದ್ದರು. ಟೆಫ್ಲಾನ್ ಕರಗುವುದು 327 ಡಿಗ್ರಿಯಲ್ಲಿ, ಬಾಣಲೆಗೆ ಅದನ್ನು ಅಂಟಿಸಲು ಕಾರ್ಖಾನೆಯ ಒಲೆ ಬೇಕು. ಷೋರೂಮಿನ ಹಿಂಬದಿಯಲ್ಲಿ ಬಟ್ಟೆಯಿಂದ ಉಜ್ಜಿದ ಪಾಲಿಶಿನಲ್ಲಿ ಆ ಪುಡಿ ಇದ್ದರೂ ಕಾರಿಗೆ ಅದು ಬಾಣಲೆಯಂತೆ ಅಂಟುವುದಿಲ್ಲ. ಸಿಗುವುದು ಕೆಲವು ತಿಂಗಳ ಹೊಳಪು.

ಆಮೇಲೆ ಸೆರಾಮಿಕ್ ಕೋಟಿಂಗ್. ಸಿಲಿಕಾ ಮೂಲದ ಈ ದ್ರವ ಕ್ಲಿಯರ್ ಕೋಟಿಗೆ ನಿಜವಾಗಿಯೂ ಅಂಟುತ್ತದೆ. ನೀರು ಮುತ್ತಾಗಿ ಉರುಳುತ್ತದೆ, ಕೊಳೆ ಸುಲಭವಾಗಿ ಹೋಗುತ್ತದೆ, ಹಕ್ಕಿಯ ಹಿಕ್ಕೆ ಕಚ್ಚುವ ಮುನ್ನ ತೊಳೆಯಲು ಸ್ವಲ್ಪ ಸಮಯ ಸಿಗುತ್ತದೆ. ಆದರೆ ಅದು ಒಂದೆರಡು ಮೈಕ್ರಾನ್ ದಪ್ಪದ್ದು, ಪಕ್ಕದ ಬೈಕಿನ ಹ್ಯಾಂಡಲ್ ತಾಗಿದರೆ ತಡೆಯುವುದಿಲ್ಲ. ಕಲ್ಲೇಟು, ಗೀರು ತಡೆಯುವುದು ಪಾಲಿಯುರಿಥೇನ್ ಹಾಳೆ, ಅಂದರೆ ಪಿಪಿಎಫ್. ಇಡೀ ಕಾರಿಗೆ ಅದನ್ನು ಹೊದಿಸಲು ಲಕ್ಷ ರೂಪಾಯಿ ದಾಟುವುದುಂಟು.

ಲಕ್ಷಾಂತರ ರೂಪಾಯಿ ಹೆಚ್ಚಿನ ಬೆಲೆಯ ಕಾರಿಗೆ ಅದು ಸರಿ ಎನಿಸಬಹುದು. ಏಳೆಂಟು ಲಕ್ಷದ ಕಾರನ್ನು ಐದು ವರ್ಷಕ್ಕೆ ಮಾರುವವರಿಗೆ ಆ ಲಕ್ಷ ಹಿಂದಿರುಗುವುದು ಕಷ್ಟ. ಏಕೆಂದರೆ ಬೆಲೆ ನಿಲ್ಲುವುದು ಮೊದಲು ವರ್ಷ, ಕಿಲೋಮೀಟರ್, ಮಾಡೆಲ್, ಕೈ ಬದಲಾದ ಲೆಕ್ಕದ ಮೇಲೆ. ದೆಹಲಿಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರು ಅಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಜಾರಿಯಲ್ಲಿ ಏರಿಳಿತ ಕಂಡರೂ, ಒಂಬತ್ತು ವರ್ಷದ ಡೀಸೆಲ್ ಕಾರು ಕನ್ನಡಿಯಂತೆ ಹೊಳೆದರೂ ಅಲ್ಲಿ ಅದರ ಬೆಲೆ ಕಟ್ಟುವುದು ಕ್ಯಾಲೆಂಡರ್.

ಹಾಗಾದರೆ ಜೋಪಾನ ಮಾಡುವುದು ವ್ಯರ್ಥವೇ? ಅಲ್ಲ. ಆದರೆ ಕಾಯಬೇಕಾದದ್ದು 40 ಮೈಕ್ರಾನಿನ ಆ ಒಂದು ಪದರ, ಅದಕ್ಕೆ ಕುತ್ತು ಬರುವುದು ಹೆಚ್ಚಾಗಿ ಆರೈಕೆಯ ಹೆಸರಿನಲ್ಲೇ. ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸಲಾಗುತ್ತದೆ. ಮೊದಲ ಕಾರಿನ ಮರಳು ಹತ್ತನೆಯ ಕಾರಿನ ಕ್ಲಿಯರ್ ಕೋಟನ್ನು ಗೀಚುತ್ತದೆ. ಬಿಸಿಲಲ್ಲಿ ಕಾಣುವ ಜೇಡರ ಬಲೆಯಂಥ ಗೀರುಗಳು ಹುಟ್ಟುವುದು ಅಲ್ಲಿ. ಆ ಗೀರು ಹೋಗಲೆಂದು ಆರು ತಿಂಗಳಿಗೊಮ್ಮೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮಷಿನ್ ತಿರುಗಿಸಿದರೆ, ಪ್ರತಿ ಸಲ ಒಂದೆರಡು ಮೈಕ್ರಾನ್, ಒರಟು ಕೈಯಾದರೆ ಇನ್ನೂ ಹೆಚ್ಚು, ಸವೆದು ಹೋಗುತ್ತದೆ. 1920ರ ದಶಕದ ಬಟ್ಟೆಗೆ ಹತ್ತುತ್ತಿದ್ದ ಬಣ್ಣ ಇಲ್ಲಿ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಒಣ ಧೂಳನ್ನು ಒರೆಸದೆ ಮೊದಲು ನೀರು ಸುರಿಯುವುದು, ತನ್ನದೇ ಮೆತ್ತನೆಯ ಬಟ್ಟೆ ಇಟ್ಟುಕೊಳ್ಳುವುದು, ಹಿಕ್ಕೆಯನ್ನೂ ಮರದ ಅಂಟನ್ನೂ ಅಂದೇ ತೊಳೆಯುವುದು, ವರ್ಷಕ್ಕೆ ಎರಡು ಮೂರು ಸಲ ಮೇಣ, ಸಾಧ್ಯವಾದಷ್ಟು ನೆರಳು. ಇವುಗಳಿಗೆ ಖರ್ಚು ಕಡಿಮೆ. ಜೊತೆಗೆ ಸರ್ವೀಸಿನ ರಸೀದಿಗಳ ಒಂದು ಫೈಲು. ಬಣ್ಣ ಹೇಳಲಾಗದ್ದನ್ನು ಅದು ಹೇಳುತ್ತದೆ.

ಎಂಟು ವರ್ಷ ಓಡಿದ ಕಾರಿನ ಎಡ ಬಾಗಿಲಲ್ಲಿ ಬೆರಳುದ್ದದ ಗೀರು ಇದೆ ಎನ್ನಿ. ಮಾರುವ ಹಿಂದಿನ ದಿನ ಅದನ್ನು ಮುಚ್ಚಿಸುವ ಆಸೆ ಯಾರಿಗಾದರೂ ಆಗುತ್ತದೆ. ಮುಚ್ಚಿಸದೆ ಬಿಟ್ಟವನ ಕಾರಿನ ಮೇಲೆ ಮೀಟರ್ ಇಟ್ಟಾಗ 118, 122, 120 ಎಂದು ಬರುತ್ತದೆ. ದಲ್ಲಾಳಿ ಗೀರಿಗೆ ಒಂದಿಷ್ಟು ಕಡಿಮೆ ಹೇಳುತ್ತಾನೆ. ಉಳಿದ ಚೌಕಾಸಿಗೆ ಅವನ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.